ಸಹಕಾರ ಸಂಘದ ನಿರ್ದೇಶಕರಿಗೆ ಮೂರು ದಿನದ ನಾಯಕತ್ವ ತರಬೇತಿ: ಯಾವ ಅವಧಿಗೆ ಕೂರಬೇಕು, ಯಾವಾಗ ಚಹಾಕ್ಕೆ ಏಳಬಹುದು

ಚುನಾವಣೆ ಮುಗಿದು ಹೊಸ ಆಡಳಿತ ಮಂಡಳಿ ಕೂತ ಕೆಲವು ತಿಂಗಳಿಗೆ ಸಂಘದ ಮೇಜಿನ ಮೇಲೆ ಒಂದು ಸುತ್ತೋಲೆ ಬಂದು ಬೀಳುತ್ತದೆ. ಅಧ್ಯಕ್ಷರು, ಉಪಾಧ್ಯಕ್ಷರು, ನಿರ್ದೇಶಕರಿಗೆ ಮೂರು ದಿನಗಳ ನಾಯಕತ್ವ ಅಭಿವೃದ್ಧಿ ತರಬೇತಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಊಟ ಉಂಟು, ಪ್ರಮಾಣಪತ್ರ ಉಂಟು. ವ್ಯವಸಾಯ ಸೇವಾ ಸಹಕಾರ ಸಂಘ ಮತ್ತು ಹಾಲು ಉತ್ಪಾದಕರ ಸಂಘದವರನ್ನು ಒಟ್ಟಿಗೆ ಕೂರಿಸಿ ಜಿಲ್ಲಾ ಮಟ್ಟದಲ್ಲಿ ನಡೆಸುವ ಇಂಥ ಒಂದು ಶಿಬಿರದ ವಿಮರ್ಶೆ ಇದು. ನಡೆಸಿದವರ ಹೆಸರು ಬೇಡ. ವೇಳಾಪಟ್ಟಿ ಹೆಚ್ಚುಕಡಿಮೆ ಎಲ್ಲ ಜಿಲ್ಲೆಯಲ್ಲೂ ಒಂದೇ ಅಚ್ಚಿನದು, ಹಾಗಾಗಿ ಇಲ್ಲಿ ಬರೆದದ್ದು ನಿಮ್ಮ ಕಡೆಯದಕ್ಕೂ ಬಹುಪಾಲು ಹೊಂದುತ್ತದೆ.

ಮೊದಲೇ ಹೇಳಿಬಿಡುವುದಾದರೆ, ಹನ್ನೆರಡು ಅವಧಿಗಳಲ್ಲಿ ನಾಲ್ಕು ಚೆನ್ನಾಗಿದ್ದವು, ಮೂರು ಪರವಾಗಿಲ್ಲ, ಉಳಿದದ್ದು ಕಾಲಹರಣ. ಆ ನಾಲ್ಕಕ್ಕಾಗಿ ಹೋಗಬಹುದು. ತಮಾಷೆ ಏನೆಂದರೆ, ಆ ನಾಲ್ಕರಲ್ಲಿ ಯಾವುದರ ಶೀರ್ಷಿಕೆಯಲ್ಲೂ ‘ನಾಯಕತ್ವ’ ಎಂಬ ಪದವೇ ಇರಲಿಲ್ಲ.

ಮೊದಲ ದಿನದ ಬೆಳಗು ಉದ್ಘಾಟನೆಗೆ ಹೋಯಿತು. ದೀಪ, ಪ್ರಾರ್ಥನೆ, ಹಾರ, ಶಾಲು, ಐದು ಜನ ವೇದಿಕೆಯ ಮೇಲೆ, ಐವರದೂ ಎರಡೆರಡು ಮಾತು. ಹನ್ನೊಂದೂಮುಕ್ಕಾಲಿಗೆ ಪಾಠ ಶುರು. ಇತಿಹಾಸದ ಅವಧಿ ಎಲ್ಲ ಕಡೆ ನಡೆಯುವಂತೆಯೇ ನಡೆಯಿತು: 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್‌ನಲ್ಲಿ ಸಹಕಾರ ಸಂಘ ಕಟ್ಟಿದ 28 ಮಂದಿ, ನಮ್ಮ ದೇಶದ 1904ರ ಸಹಕಾರ ಕಾಯ್ದೆ, ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ. ನಮ್ಮ ನೆಲದ ಈ ಕತೆ ಹೊಸ ನಿರ್ದೇಶಕರಿಗೆ ಗೊತ್ತಿರಬೇಕಾದದ್ದೇ, ತಕರಾರಿಲ್ಲ. ಆದರೆ ಮುಕ್ಕಾಲು ಗಂಟೆಗೆ ಮುಗಿಯುವುದನ್ನು ಊಟದ ತನಕ ಎಳೆದರು. ಏಳು ಸಹಕಾರ ತತ್ವಗಳನ್ನು ಬಾಯಿಪಾಠ ಮಾಡಿಸಿದರು, ಒಂದನ್ನೂ ಸಂಘದ ಕಡತಕ್ಕೆ ತಂದು ತೋರಿಸಲಿಲ್ಲ.

ತೋರಿಸಬಹುದಿತ್ತು. ‘ಒಬ್ಬ ಸದಸ್ಯ, ಒಂದು ಮತ’ ಎಂಬ ತತ್ವ ನಮ್ಮಲ್ಲಿ ನಿಂತಿರುವುದು ವಾರ್ಷಿಕ ಮಹಾಸಭೆಯ ಹಾಜರಿ ಪುಸ್ತಕದ ಮೇಲೆ. ನಿಗದಿತ ಸಂಖ್ಯೆಯ ಮಹಾಸಭೆಗೆ ಬಾರದವರು, ಸಂಘದ ಜೊತೆ ಕನಿಷ್ಠ ವ್ಯವಹಾರ ಮಾಡದವರು ಮತದಾನಕ್ಕೆ ಅನರ್ಹರಾಗುತ್ತಾರೆ. ಎಷ್ಟು ಸಭೆ ಎಂಬ ಲೆಕ್ಕ ತಿದ್ದುಪಡಿಯಾಗುತ್ತ ಬಂದಿರುವುದರಿಂದ ಜಾರಿಯಲ್ಲಿರುವ ಕಾಯ್ದೆಯ ಪ್ರತಿಯನ್ನೇ ನೋಡಬೇಕು. ಚುನಾವಣೆ ಹತ್ತಿರ ಬಂದಾಗ ‘ನಾನು ಬಂದಿದ್ದೆ, ಸಹಿ ಮಾಡಿದ್ದೆ’ ಎಂದು ಹತ್ತಾರು ಜನ ಜಗಳಕ್ಕೆ ನಿಲ್ಲುತ್ತಾರೆ, ಪ್ರಕರಣ ಕೋರ್ಟಿಗೆ ಹೋಗುತ್ತದೆ. ಕಾರಣ ಬಹಳ ಸಲ ತೀರ ಸಣ್ಣದು. ಹಾಜರಿಯನ್ನು ಬಿಡಿ ಹಾಳೆಯಲ್ಲಿ ತೆಗೆದುಕೊಂಡಿರುತ್ತಾರೆ, ಸದಸ್ಯತ್ವದ ಸಂಖ್ಯೆ ಬರೆದಿರುವುದಿಲ್ಲ, ಒಂದೇ ಹೆಸರಿನ ನಾಲ್ಕು ಜನರಲ್ಲಿ ಸಹಿ ಯಾರದೆಂದು ತಿಳಿಯುವುದಿಲ್ಲ. ಪುಟ ಸಂಖ್ಯೆ ಹಾಕಿದ ಬೈಂಡ್ ಪುಸ್ತಕ, ಸದಸ್ಯತ್ವ ಸಂಖ್ಯೆ, ತಂದೆ ಅಥವಾ ಗಂಡನ ಹೆಸರು, ಸಹಿ, ಕೊನೆಯ ಸಹಿಯ ಕೆಳಗೆ ಗೆರೆ ಎಳೆದು ಅಧ್ಯಕ್ಷರ ರುಜು. ಇಷ್ಟು ಹೇಳಲು ಹತ್ತು ನಿಮಿಷ ಸಾಕು.

ಮಧ್ಯಾಹ್ನ ಕಾನೂನಿನ ಅವಧಿ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯನ್ನು ಕಲಂ ಕಲಂ ಓದಿದರು, ಕೇಳುವವರು ತೂಕಡಿಸಿದರು. ಕೈಗೆ ಕೊಟ್ಟ ಪುಸ್ತಿಕೆ ಹಳೆಯ ತಿದ್ದುಪಡಿಯದ್ದು. ಒಂದು ಗೊಂದಲವನ್ನೂ ಹಾಗೇ ಬಿಟ್ಟರು. ಸಹಕಾರ ಸಂಘಗಳಿಗೆ ನಿಯಮ ಹಾಕಿದ್ದ 97ನೇ ಸಂವಿಧಾನ ತಿದ್ದುಪಡಿ ಬಿದ್ದುಹೋಯಿತಲ್ಲ, ಮಂಡಳಿಗೆ ಐದು ವರ್ಷದ ಅವಧಿ, ಚುನಾವಣಾ ಪ್ರಾಧಿಕಾರ ಎಲ್ಲ ಇನ್ನೂ ಇದೆಯೇ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಸರಿಯಾದ ಉತ್ತರ ಹೀಗೆ: 2021ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯ ಸಹಕಾರ ಭಾಗವನ್ನು ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ರದ್ದು ಮಾಡಿತು, ಬಹುರಾಜ್ಯ ಸಂಘಗಳಿಗೆ ಉಳಿಸಿತು. ಆದರೆ ಅದರೊಳಗಿನ ಮುಖ್ಯ ಅಂಶಗಳನ್ನು ಕರ್ನಾಟಕ ಅದಕ್ಕೂ ಮೊದಲೇ ತನ್ನ ಕಾಯ್ದೆಗೆ ಸೇರಿಸಿಕೊಂಡಿತ್ತು. ಹಾಗಾಗಿ ನಮಗೆ ಅನ್ವಯಿಸುವುದು ರಾಜ್ಯ ಕಾಯ್ದೆಯ ಬಲದಿಂದ. ತರಬೇತುದಾರರು ‘ಅದೆಲ್ಲ ಮೇಲಿನವರು ನೋಡ್ಕೋತಾರೆ’ ಎಂದು ದಾಟಿಸಿಬಿಟ್ಟರು.

ಹಳ್ಳಿಯ ಸಂಘದ ನಿರ್ದೇಶಕನಿಗೆ ಕಾಯ್ದೆ ಪೂರ್ತಿ ಬೇಕಿಲ್ಲ. ಬೇಕಾದ ಕಲಂಗಳು ಒಂದು ಕೈಯ ಬೆರಳುಗಳನ್ನು ದಾಟುವುದಿಲ್ಲ: ನಿರ್ದೇಶಕ ಸ್ಥಾನಕ್ಕೆ ಅನರ್ಹತೆ ಹೇಳುವ 29-ಸಿ, ಮಂಡಳಿಯನ್ನೇ ತೆಗೆದು ಆಡಳಿತಾಧಿಕಾರಿ ಹಾಕುವ 30, ಲೆಕ್ಕಪರಿಶೋಧನೆಯ 63, ವಿಚಾರಣೆಯ 64, ಸರ್‌ಚಾರ್ಜಿನ 69. ಕೊನೆಯದನ್ನು ಕೇಳಿದಾಗ ಮಾತ್ರ ಸಭೆ ಎಚ್ಚರವಾಯಿತು. ಸಂಘದ ಹಣ ದುರ್ಬಳಕೆಯಾಗಿದ್ದರೆ, ತಪ್ಪಾಗಿ ಪಾವತಿಯಾಗಿದ್ದರೆ, ಹೊಣೆಗಾರರಾದವರಿಂದ ವೈಯಕ್ತಿಕವಾಗಿ ವಸೂಲಿ ಮಾಡುವ ದಾರಿ ಅದು. ‘ನಾನು ಸುಮ್ನೆ ಸಹಿ ಹಾಕಿದ್ದು’ ಎಂಬ ಸಬೂಬು ಅಲ್ಲಿ ನಡೆಯುವುದಿಲ್ಲ.

ಅಲ್ಲಿಂದ ನೇರ ನಡಾವಳಿ ಪುಸ್ತಕಕ್ಕೆ ಬಂದದ್ದು ಈ ಶಿಬಿರದ ಮೊದಲ ಒಳ್ಳೆಯ ಅವಧಿ. ನಿವೃತ್ತ ಲೆಕ್ಕಪರಿಶೋಧಕರೊಬ್ಬರು ನಡೆಸಿಕೊಟ್ಟರು. ಎರಡು ಠರಾವುಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದರು. ಮೊದಲನೆಯದು: ‘ಗೋದಾಮು ದುರಸ್ತಿ ವಿಷಯ ಚರ್ಚಿಸಿ, ಅಧ್ಯಕ್ಷರಿಗೆ ಅಧಿಕಾರ ನೀಡಿ ಸರ್ವಾನುಮತದಿಂದ ಒಪ್ಪಲಾಯಿತು.’ ಎರಡನೆಯದು: ‘ಗೋದಾಮಿನ ಛಾವಣಿ ದುರಸ್ತಿಗೆ ಬಂದ ಮೂರು ದರಪಟ್ಟಿಗಳನ್ನು (48,500, 53,000, 56,200 ರೂ.) ಸಭೆಯಲ್ಲಿ ಓದಲಾಯಿತು. ಕನಿಷ್ಠ ದರದ 48,500 ರೂ. ಮಂಜೂರು. ಮಹಾಸಭೆ ಒಪ್ಪಿದ ಬಜೆಟ್ಟಿನ ಕಟ್ಟಡ ದುರಸ್ತಿ ಬಾಬ್ತಿನಿಂದ, ಕೆಲಸ ಮುಗಿದು ಇಬ್ಬರು ನಿರ್ದೇಶಕರು ನೋಡಿ ವರದಿ ಕೊಟ್ಟ ಮೇಲೆ, ಚೆಕ್ಕಿನ ಮೂಲಕವೇ ಪಾವತಿ. ಸೂಚಕರು ಇಂಥವರು, ಅನುಮೋದಕರು ಇಂಥವರು. ನಿರ್ದೇಶಕ ಇಂಥವರು ಮಳೆಗಾಲಕ್ಕೆ ಮುಂಚೆ ಕೆಲಸ ಬೇಡವೆಂದು ಭಿನ್ನಾಭಿಪ್ರಾಯ ದಾಖಲಿಸಿದರು.’ ಮೊದಲನೆಯ ಠರಾವಿನ ಮೇಲೆ ಒಂದು ಲಕ್ಷ ಖರ್ಚಾದರೂ ತಡೆಯಲು ಏನೂ ಇಲ್ಲ, ಹೊಣೆ ಮಾತ್ರ ಸಹಿ ಹಾಕಿದ ಎಲ್ಲರದ್ದು.

ಭಿನ್ನಾಭಿಪ್ರಾಯದ ಆ ಒಂದು ಸಾಲು ನಿರ್ದೇಶಕನಿಗಿರುವ ದೊಡ್ಡ ರಕ್ಷಣೆ. ಹೊರಗೆ ಜಗುಲಿಯಲ್ಲಿ ನಿಂತು ‘ನಂಗೆ ಇಷ್ಟ ಇರ್ಲಿಲ್ಲ’ ಎಂದರೆ ಸರ್‌ಚಾರ್ಜ್ ನೋಟಿಸು ಬಂದಾಗ ಉಪಯೋಗಕ್ಕೆ ಬರುವುದಿಲ್ಲ, ಅದು ನಡಾವಳಿಯಲ್ಲಿ ಇರಬೇಕು. ಎಡವುವ ಜಾಗಗಳನ್ನೂ ಚೆನ್ನಾಗಿ ತೋರಿಸಿದರು. ಸಭೆಯ ದಿನ ಹಾಜರಿ ಸಹಿ ಪಡೆದು, ಠರಾವು ವಾರದ ಮೇಲೆ ಬರೆಯುವುದು. ‘ಆಮೇಲೆ ತುಂಬ್ತೀನಿ’ ಎಂದು ಅರ್ಧ ಪುಟ ಖಾಲಿ ಬಿಡುವುದು. ವಿಷಯಸೂಚಿಯಲ್ಲಿ ಇಲ್ಲದ ದೊಡ್ಡ ಖರ್ಚನ್ನು ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯ’ ಎಂಬ ಕೊನೆಯ ಸಾಲಿನಲ್ಲಿ ನುಗ್ಗಿಸುವುದು. ಪರಿಹಾರ ಸುಲಭ. ಅಂದಿನ ನಡಾವಳಿ ಅಂದೇ ಬರೆದು, ಓದಿ, ಖಾಲಿ ಜಾಗಕ್ಕೆ ಅಡ್ಡಗೆರೆ ಹೊಡೆದು, ಆಮೇಲೆ ಸಹಿ. ಇದಕ್ಕೆ ಕಾರ್ಯದರ್ಶಿ ಗೊಣಗಿದರೆ ಗೊಣಗಲಿ.

ಎರಡನೆಯ ದಿನದ ಬೆಳಗು ಲೆಕ್ಕಪತ್ರ. ಇದಕ್ಕೆ ಎರಡು ಅವಧಿ ಕೊಟ್ಟಿದ್ದರು, ನಾಲ್ಕು ಕೊಡಬೇಕಿತ್ತು. ಅಢಾವೆ ಪತ್ರಿಕೆಯನ್ನು (ಬ್ಯಾಲೆನ್ಸ್ ಶೀಟ್) ಮೇಲಿಂದ ಕೆಳಗೆ ಓದಿಸುವ ಬದಲು ತಿಂಗಳ ಸಭೆಗೆ ನಿರ್ದೇಶಕ ಕೇಳಲೇಬೇಕಾದ ಕಾಗದಗಳನ್ನು ಹಿಡಿದು ಪಾಠ ಮಾಡಿದರು: ಆ ದಿನದ ನಗದು ಶಿಲ್ಕು (ಕೈಯಲ್ಲಿ ಉಳಿದ ಹಣ), ಬ್ಯಾಂಕ್ ಖಾತೆಯ ಪಾಸ್‌ಶೀಟ್, ಜಮಾ-ಖರ್ಚಿನ ತಖ್ತೆ (ಪಟ್ಟಿ), ಸಾಲದ ಬೇಡಿಕೆ-ವಸೂಲಿ-ಬಾಕಿ ತಖ್ತೆ. ನಗದು ಶಿಲ್ಕನ್ನು ಪುಸ್ತಕದಲ್ಲಿ ನೋಡಿ ಒಪ್ಪಬಾರದು, ತಿಜೋರಿ ತೆಗೆಸಿ ನೋಟು ಎಣಿಸಬೇಕು, ಬೈಲಾದಲ್ಲಿ (ಸಂಘದ ಒಳನಿಯಮ) ಇಟ್ಟ ಮಿತಿಗಿಂತ ಹೆಚ್ಚು ನಗದು ಯಾಕಿದೆ ಎಂದು ಕೇಳಬೇಕು. ಬ್ಯಾಂಕಿನ ಶಿಲ್ಕಿಗೂ ಸಂಘದ ಪುಸ್ತಕಕ್ಕೂ ವ್ಯತ್ಯಾಸವಿದ್ದರೆ ಯಾವ ಚೆಕ್ಕು, ಯಾವ ತಾರೀಕು ಎಂಬ ಹೊಂದಾಣಿಕೆ ಪಟ್ಟಿ ಇರಬೇಕು. ಪಾಸ್‌ಶೀಟನ್ನು ಕಾರ್ಯದರ್ಶಿ ಜೆರಾಕ್ಸ್ ಮಾಡಿ ಕೊಟ್ಟರೆ ಸಾಲದು, ವರ್ಷಕ್ಕೆರಡು ಸಲವಾದರೂ ಒಬ್ಬ ನಿರ್ದೇಶಕ ತಾನೇ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರ) ಬ್ಯಾಂಕಿನ ಶಾಖೆಗೆ ಹೋಗಿ ತರಬೇಕು.

ವಸೂಲಿ ತಖ್ತೆಯ ಉದಾಹರಣೆ ಇಡೀ ಶಿಬಿರದ ಬೆಲೆ ಬಾಳುವಂಥದ್ದು. ಬೇಡಿಕೆ 80 ಲಕ್ಷ, ವಸೂಲಿ 68 ಲಕ್ಷ, ಅಂದರೆ ಶೇ 85. ಮೇಲ್ನೋಟಕ್ಕೆ ಚಂದ. ಈಗ ಮಾರ್ಚ್ ಕೊನೆಯ ವಾರದ ಮತ್ತು ಏಪ್ರಿಲ್ ಮೊದಲ ವಾರದ ನಗದು ಪುಸ್ತಕ ತೆಗೆಸಿ. 68ರಲ್ಲಿ 41 ಲಕ್ಷ ಮಾರ್ಚ್ 28ರಿಂದ 31ರೊಳಗೆ ಬಂದಿದೆ. ಅದೇ ಸದಸ್ಯರಿಗೆ ಏಪ್ರಿಲ್ ಮೊದಲ ವಾರ 39 ಲಕ್ಷ ಹೊಸ ಸಾಲ ಹೋಗಿದೆ. ಬೆಳೆಸಾಲ ನವೀಕರಣ ತಪ್ಪೇನಲ್ಲ, ಎಲ್ಲ ಕಡೆ ನಡೆಯುವುದೇ. ಆದರೆ ನೋಟು ನಿಜವಾಗಿ ಬಂದು ಹೋಯಿತೋ, ಬರೀ ಪುಸ್ತಕದಲ್ಲಿ ಹೊಂದಾಣಿಕೆಯಾಯಿತೋ ಎಂಬುದು ಪ್ರಶ್ನೆ. ನೋಟು ಬಂದಿದ್ದರೆ ಬಹಳ ಮಂದಿ ಊರಿನ ಬಡ್ಡಿಯವನ ಹತ್ತಿರ ನಾಲ್ಕು ದಿನಕ್ಕೆ ಕೈಗಡ ತಂದಿರುತ್ತಾರೆ, ಶೂನ್ಯ ಬಡ್ಡಿಯ ಸಾಲಕ್ಕೆ ಅಲ್ಲಿ ಬಡ್ಡಿ ಬಿದ್ದಿರುತ್ತದೆ. ಗಡುವಿನೊಳಗೆ ಕಟ್ಟದಿದ್ದರೆ ಸರ್ಕಾರದ ಬಡ್ಡಿ ರಿಯಾಯಿತಿ ತಪ್ಪುತ್ತದಲ್ಲ, ಅದಕ್ಕೆ ಈ ಪರದಾಟ. ಇನ್ನು ಉಳಿದ 12 ಲಕ್ಷ ಸುಸ್ತಿಯಲ್ಲಿ (ಗಡುವು ಮೀರಿದ ಬಾಕಿ) ಎಷ್ಟು ಒಂದು ವರ್ಷದೊಳಗಿನದು, ಎಷ್ಟು ಮೂರು ವರ್ಷ ದಾಟಿದ್ದು ಎಂದು ಬಿಡಿಸಿ ಕೇಳದಿದ್ದರೆ ಶೇ 85ಕ್ಕೆ ಏನೂ ಅರ್ಥವಿಲ್ಲ.

ಇದರ ಬೆನ್ನಿಗೇ ‘ಇಂಬ್ಯಾಲೆನ್ಸ್’. ಸಂಘ ಡಿಸಿಸಿ ಬ್ಯಾಂಕಿಗೆ ಕಟ್ಟಬೇಕಾದ ಸಾಲ 1 ಕೋಟಿ 40 ಲಕ್ಷ, ಸದಸ್ಯರಿಂದ ಸಂಘಕ್ಕೆ ಬರಬೇಕಾದ ಸಾಲ 1 ಕೋಟಿ 28 ಲಕ್ಷ ಎಂದಿಟ್ಟುಕೊಳ್ಳಿ. ನಡುವಿನ 12 ಲಕ್ಷ ಎಲ್ಲಿ? ಸಂಬಳಕ್ಕೆ ಹೋಗಿರಬಹುದು, ಗೊಬ್ಬರದ ದಾಸ್ತಾನಿನಲ್ಲಿ ಕೂತಿರಬಹುದು, ಕಟ್ಟಡಕ್ಕೆ ಹಾಕಿರಬಹುದು, ರೈತ ಕಟ್ಟಿದ ಹಣ ಬ್ಯಾಂಕಿಗೆ ತಲುಪದೇ ಇರಬಹುದು. ಕೊನೆಯ ಕಾರಣವಿದ್ದರೆ ಅದು ವರ್ಷವರ್ಷಕ್ಕೆ ಬೆಳೆಯುತ್ತದೆ, ಒಂದು ದಿನ ಇಡೀ ಊರಿಗೆ ಹೊಸ ಸಾಲ ನಿಲ್ಲುತ್ತದೆ. ಎರಡು ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡುವ ಈ ಕೆಲಸಕ್ಕೆ ಲೆಕ್ಕದ ಪದವಿ ಬೇಕಿಲ್ಲ, ಕೂಡಿಸಿ ಕಳೆಯಲು ಬಂದರೆ ಆಯಿತು. ಆದರೂ ಎಷ್ಟೋ ಮಂಡಳಿಗಳು ಐದು ವರ್ಷ ಮುಗಿಸಿದರೂ ಇದನ್ನು ಒಮ್ಮೆಯೂ ಕೇಳಿರುವುದಿಲ್ಲ.

ಠೇವಣಿ ವಿಷಯ ಎರಡೇ ಮಾತಿಗೆ ಮುಗಿಸಿದ್ದು ಕೊರತೆ. ಪ್ರಾಥಮಿಕ ಕೃಷಿ ಪತ್ತಿನ ಸಂಘ, ಅಂದರೆ ನಮ್ಮ ವ್ಯವಸಾಯ ಸೇವಾ ಸಹಕಾರ ಸಂಘ, ಬ್ಯಾಂಕಲ್ಲ. ಅಲ್ಲಿಟ್ಟ ಠೇವಣಿಗೆ ಬ್ಯಾಂಕುಗಳಿಗಿರುವ 5 ಲಕ್ಷ ರೂಪಾಯಿಯ ಠೇವಣಿ ವಿಮೆ ಇಲ್ಲ. ಪಿಗ್ಮಿ, ನಿಶ್ಚಿತ ಠೇವಣಿ ಸೇರಿಸುವ ಉತ್ಸಾಹದಲ್ಲಿ ಪಕ್ಕದ ಬ್ಯಾಂಕಿಗಿಂತ ಒಂದೂವರೆ, ಎರಡು ಪರ್ಸೆಂಟ್ ಹೆಚ್ಚು ಬಡ್ಡಿ ಕೊಡುವ ಮಂಡಳಿಗೆ ಆ ಹಣವನ್ನು ಎಲ್ಲಿ ಹೂಡಿ ಅಷ್ಟು ದುಡಿಸುತ್ತೀರಿ ಎಂದು ಕೇಳುವವರು ಬೇಕು. ಬರಬೇಕಾದ ಬಡ್ಡಿ ಸಹಾಯಧನವನ್ನು ಆದಾಯವೆಂದು ಬರೆದು ಲಾಭ ತೋರಿಸಿ, ಕೈಯಲ್ಲಿ ಕಾಸಿಲ್ಲದೆ ಡಿವಿಡೆಂಡ್ ಘೋಷಿಸುವ ಚಾಳಿಯ ಬಗ್ಗೆಯೂ ಹೇಳಬೇಕಿತ್ತು. ಸಂಘಗಳ ಗಣಕೀಕರಣಕ್ಕೆ ಸಿಕ್ಕಿದ್ದು ಇಪ್ಪತ್ತು ನಿಮಿಷ. 2022ರಿಂದ ದೇಶದಾದ್ಯಂತ ಒಂದೇ ಸಾಫ್ಟ್‌ವೇರಿಗೆ ಸಂಘಗಳು ಬರುತ್ತಿರುವಾಗ, ‘ಡೇ ಎಂಡ್’ (ಆ ದಿನದ ಲೆಕ್ಕ ಮುಚ್ಚುವುದು) ಎಷ್ಟು ದಿನದಿಂದ ಬಾಕಿ ಇದೆ ಎಂದು ಪರದೆಯ ಮೇಲೆ ನೋಡುವುದನ್ನಾದರೂ ಕಲಿಸಬೇಡವೇ?

ಹಾಲಿನ ಸಂಘದವರಿಗೆ ಮಧ್ಯಾಹ್ನ ಪ್ರತ್ಯೇಕ ಕೋಣೆ ಕೊಟ್ಟದ್ದು ಜಾಣತನ. ಅಲ್ಲಿ ಟ್ರಕ್ ಶೀಟ್ (ಸಂಘ ಕಳಿಸಿದ ಹಾಲಿಗೆ ಹಾಲು ಒಕ್ಕೂಟ ಕೊಡುವ ಲೆಕ್ಕದ ಚೀಟಿ) ಹಿಡಿದು ಕೂತರು. ಸಂಘ ಉತ್ಪಾದಕರಿಂದ ಕೊಂಡ ಹಾಲಿನ ಸರಾಸರಿ ಫ್ಯಾಟ್ ಒಂದು, ಒಕ್ಕೂಟ ಟ್ರಕ್ ಶೀಟಿನಲ್ಲಿ ಕೊಟ್ಟ ಫ್ಯಾಟ್ ಇನ್ನೊಂದು. ಸಂಘದ ಪುಸ್ತಕದಲ್ಲಿ 4.1, ಶೀಟಿನಲ್ಲಿ 3.9 ಬಂದರೆ ಹೆಚ್ಚಿನ ದರದಲ್ಲಿ ಕೊಂಡು ಕಡಿಮೆ ದರಕ್ಕೆ ಕೊಟ್ಟಂತಾಯಿತು. ಲೀಟರಿಗೆ 40 ಪೈಸೆ ವ್ಯತ್ಯಾಸವೆಂದು ಹಿಡಿದರೂ ದಿನಕ್ಕೆ 600 ಲೀಟರಿಗೆ 240 ರೂಪಾಯಿ, ತಿಂಗಳಿಗೆ 7,200. ಎಲ್ಲವೂ ಕಳ್ಳತನವಲ್ಲ. ಹಾಲು ಕಲಕದೆ ಮೇಲಿಂದ ಸ್ಯಾಂಪಲ್ ತೆಗೆದರೆ ಕೆನೆ ಬಂದು ಫ್ಯಾಟ್ ಹೆಚ್ಚು ತೋರುತ್ತದೆ. ಫ್ಯಾಟ್ ಅಳೆಯುವ ಅನಲೈಜರನ್ನು ದಿನಾ ತೊಳೆಯದಿದ್ದರೆ ಒಳಗೆ ಜಿಡ್ಡು ಕಟ್ಟಿ ರೀಡಿಂಗ್ ತಪ್ಪುತ್ತದೆ. ಯಂತ್ರದ ಹೊಂದಾಣಿಕೆಯನ್ನು ತಿಂಗಳುಗಟ್ಟಲೆ ಪರೀಕ್ಷಿಸದೆ ಬಿಟ್ಟರೂ ಅದೇ ಕತೆ. ಉಲ್ಟಾ ಕೂಡ ಇದೆ: ಶೀಟಿನಲ್ಲಿ ಸದಾ ಹೆಚ್ಚು ಬಂದು ಸಂಘಕ್ಕೆ ದೊಡ್ಡ ಲಾಭವಾಗುತ್ತಿದ್ದರೆ ಹಾಲು ಹಾಕುವ ಹೆಂಗಸರಿಗೆ ಕಡಿಮೆ ಫ್ಯಾಟ್ ಬರೆಯುತ್ತಿದ್ದಾರೆ ಎಂದರ್ಥ. ಬೋನಸ್ ಕೊಡುವಾಗ ಆ ಲಾಭಕ್ಕೆ ಚಪ್ಪಾಳೆ ಹೊಡೆಯುವ ಮುನ್ನ ಇದನ್ನು ನೋಡಿ ಎಂದದ್ದು ಮೆಚ್ಚುವಂಥ ಮಾತು.

ಹೆಂಗಸರ ಮಾತು ಬಂದ ಮೇಲೆ ವೇಳೆಯ ವಿಷಯ ಹೇಳಲೇಬೇಕು. ಹತ್ತರಿಂದ ಐದು ಎಂಬ ಸಮಯ ಯಾರೋ ಕಚೇರಿಯಲ್ಲಿ ಕೂತು ಇಟ್ಟದ್ದು. ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಮನೆಗೆಲಸ ಮುಗಿಸಿ, ಬಸ್ಸು ಹಿಡಿದು ಜಿಲ್ಲಾ ಕೇಂದ್ರಕ್ಕೆ ಬರುವಷ್ಟರಲ್ಲಿ ಹನ್ನೊಂದಾಗುತ್ತದೆ. ಸಂಜೆಯ ಹಾಲಿಗೆ ಐದಕ್ಕೆಲ್ಲ ಮನೆಯಲ್ಲಿರಬೇಕು. ಪರಿಣಾಮ, ಮಹಿಳಾ ನಿರ್ದೇಶಕರ ಕುರ್ಚಿಯಲ್ಲಿ ಗಂಡಂದಿರು ಕೂತು ಸಹಿ ಹಾಕುತ್ತಿದ್ದರು, ಯಾರೂ ಕೇಳಲಿಲ್ಲ. ಹನ್ನೊಂದರಿಂದ ಮೂರೂವರೆ, ಮೂರರ ಬದಲು ನಾಲ್ಕು ದಿನ, ತಾಲ್ಲೂಕು ಕೇಂದ್ರದಲ್ಲಿ ಮಾಡಿದರೆ ಅಕ್ಕಂದಿರೇ ಬರುತ್ತಾರೆ.

ಮೂರನೆಯ ದಿನದ ಬೆಳಗು ‘ವ್ಯಕ್ತಿತ್ವ ವಿಕಸನ ಮತ್ತು ನಾಯಕತ್ವ ಗುಣಗಳು’. ಬಲೂನು ಊದಿಸಿದರು, ಒಡೆಸಿದರು, ಪಕ್ಕದವರ ಬೆನ್ನು ತಟ್ಟಿಸಿದರು, ಹದ್ದಿನ ಕತೆ ಹೇಳಿದರು. ನಗು ಬಂತು, ಅಷ್ಟೇ. ಈ ಅವಧಿಯಲ್ಲಿ ಚಹಾಕ್ಕೆ ಎದ್ದು ಹೋದವರು ಏನೂ ಕಳೆದುಕೊಳ್ಳಲಿಲ್ಲ.

ಊಟದ ನಂತರದ ಅಣಕು ಮಹಾಸಭೆ ಮಾತ್ರ ಅಪರೂಪದ್ದು. ಒಬ್ಬರನ್ನು ಅಧ್ಯಕ್ಷರನ್ನಾಗಿ ಕೂರಿಸಿ, ಉಳಿದವರಲ್ಲಿ ಆರು ಜನಕ್ಕೆ ಚೀಟಿ ಕೊಟ್ಟಿದ್ದರು. ಒಬ್ಬ ಡಿವಿಡೆಂಡ್ ಯಾಕಿಲ್ಲ ಎಂದು ಕೂಗಬೇಕು, ಒಬ್ಬ ಸುಸ್ತಿದಾರರ ಪಟ್ಟಿ ಓದಿ ಎನ್ನಬೇಕು, ಒಬ್ಬ ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಇಲ್ಲ ಎಂದು ಎದ್ದು ಹೊರಡಬೇಕು, ಮತ್ತೊಬ್ಬ ಹಳೆಯ ವೈಷಮ್ಯ ಎತ್ತಬೇಕು. ಅಧ್ಯಕ್ಷರ ಪಾತ್ರದವರು ಮೊದಲ ಐದು ನಿಮಿಷದಲ್ಲೇ ‘ರೀ ಕೂತ್ಕೊಳ್ರೀ’ ಎಂದು ಗದರಿ ಸಭೆ ಕೆಡಿಸಿಕೊಂಡರು. ಎರಡನೆಯ ಸುತ್ತಿನಲ್ಲಿ ಅದೇ ಪ್ರಶ್ನೆಗೆ ಅಂಕಿಯಿಂದ ಉತ್ತರಿಸಿದರು: ‘ನಿವ್ವಳ ಲಾಭ ಇಷ್ಟು. ಅದರಲ್ಲಿ ಶೇ 25 ಮೀಸಲು ನಿಧಿಗೆ ಹೋಗಲೇಬೇಕಣ್ಣ, ಅದು ಕಾಯ್ದೆ. ಶಿಕ್ಷಣ ನಿಧಿ ಕಳೆದು, ಹಿಂದಿನ ನಷ್ಟ ತುಂಬಿದ ಮೇಲೆ ಉಳಿದದ್ದು ಇಷ್ಟು. ಹಂಚಿದರೆ ನೂರು ರೂಪಾಯಿ ಷೇರಿಗೆ ಮೂರು ರೂಪಾಯಿ. ಬೇಕೆಂದರೆ ಕೈ ಎತ್ತಿ.’ ಕೂಗಿದವನೇ ಕೂತ. ಇಡೀ ಮೂರು ದಿನದಲ್ಲಿ ಸಭೆ ನಡೆಸುವುದು ಹೇಗೆಂದು ಕಣ್ಣಾರೆ ಕಂಡದ್ದು ಇಲ್ಲಿ. ಸಿಕ್ಕಿದ್ದು ಮಾತ್ರ ಒಂದೂವರೆ ಗಂಟೆ, ಅದರಲ್ಲೂ ಸಮಾರೋಪದ ಮೈಕ್ ಜೋಡಿಸುವ ಗಲಾಟೆ.

ಡಿಸಿಸಿ ಬ್ಯಾಂಕು, ಪಟ್ಟಣ ಬ್ಯಾಂಕುಗಳ ನಿರ್ದೇಶಕರಿಗೆ ಇದು ಸಾಲದು. ಅವರಿಗೆ ಮಂಗಳೂರಿನ ಬರ್ಡ್, ಪುಣೆಯ ವೈಕುಂಠ ಮೆಹ್ತಾ ಸಂಸ್ಥೆಯಂಥ ದೊಡ್ಡ ತರಬೇತಿ ಸಂಸ್ಥೆಗಳೇ ಸರಿ. ಹಳ್ಳಿಯ ಸಂಘಕ್ಕೆ ಕನ್ನಡದಲ್ಲಿ, ಹತ್ತಿರದಲ್ಲಿ ನಡೆಯುವ ಇಂಥದ್ದೇ ಗತಿ. ಕಳಿಸುವುದಾದರೆ ಅಧ್ಯಕ್ಷರೊಬ್ಬರನ್ನೇ ಕಳಿಸಬೇಡಿ. ಅಧ್ಯಕ್ಷರು, ಮೊದಲ ಸಲ ಗೆದ್ದ ಒಬ್ಬ ನಿರ್ದೇಶಕರು, ಜೊತೆಗೆ ಕಾರ್ಯದರ್ಶಿ, ಹೀಗೆ ಮೂರು ಜನ ಹೋಗಲಿ. ಒಬ್ಬರೇ ಕಲಿತು ಬಂದರೆ ತಿಂಗಳ ಸಭೆಯಲ್ಲಿ ಪಾಸ್‌ಶೀಟ್ ಕೇಳಿದಾಗ ಉಳಿದವರು ‘ನಂಬಿಕೆ ಇಲ್ವಾ?’ ಎಂದು ಬಾಯಿ ಮುಚ್ಚಿಸುತ್ತಾರೆ. ಹೋಗುವಾಗ ಚೀಲದಲ್ಲಿ ನಿಮ್ಮ ಸಂಘದ್ದೇ ಕಳೆದ ವರ್ಷದ ಲೆಕ್ಕಪರಿಶೋಧನಾ ವರದಿ, ಅದರ ನ್ಯೂನತೆಗಳಿಗೆ ಬರೆದ ಅನುಪಾಲನಾ ವರದಿ, ಬೈಲಾ, ಹಾಲಿನ ಸಂಘವಾದರೆ ಹತ್ತು ದಿನದ ಟ್ರಕ್ ಶೀಟ್ ಇರಲಿ. ಒಂದೇ ನ್ಯೂನತೆ ಮೂರು ವರ್ಷದಿಂದ ಮರುಕಳಿಸಿದ್ದರೆ ಅದಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಲೆಕ್ಕಪತ್ರದ ಅವಧಿ ಮುಗಿದ ತಕ್ಷಣ ತರಬೇತುದಾರರ ಮುಂದೆ ಹಿಡಿಯಿರಿ, ಚಹಾ ಬಿಡುವಿನಲ್ಲೇ. ಸಮಾರೋಪದ ದಿನ ಅವರು ಸಿಗುವುದಿಲ್ಲ, ಮೂರು ಗಂಟೆಯ ಬಸ್ಸಿಗೆ ಹೊರಟಿರುತ್ತಾರೆ.